ಕಾಳಿ ದಂಡಿ ಮ್ಯಾಲೆ ಐದು ಮುಂಜಾನೆ

ಗೌರಿ ಹುಣ್ಣಿವಿ ಆಗಿತ್ತು, ಛಟ್ಟಿ ಅಮಾಸಿ ಇನ್ನೂ ಬಂದಿರಲಿಲ್ಲ. ಆ ನಡುವಿನ ಐದು ದಿವಸ ನಾ ದಾಂಡೇಲಿಯೊಳಗ ತಂಗಿ ಮನ್ಯಾಗ ಇದ್ದೆ. ಧಾರವಾಡಕ್ಕ ವಾಪಸ್ ಬಂದಾಗಿಂದ ಒಂದ ಸಮನ ಫೋನು. ಹೆಂಗಿದ್ದಾಳ, ಊಟಾ ಛಂದ ಮಾಡ್ತಾಳೇನು, ಪುಣೇಕ್ಕ ಹೋಗ್ಲಿಕ್ಕೆ ಒಪ್ಪಿದಳೋ ಇಲ್ಲೋ ಅಂತ. ಒಬ್ಬೊಬ್ಬರಿಗೆ ಅರ್ಧಮರ್ಧ ಹೇಳಿದ್ರ ಅದು ಮೂರನೇ ಮನಿ ಮುಟ್ಟೂದ್ರಾಗ ಬ್ಯಾರೇನ ಆಗಿರ್ತದ. ಅದಕ್ಕ ಎಲ್ಲಾರಿಗೂ ಒಮ್ಮೆಲೇ ಬರದು ಹೇಳ್ತೀನಿ. ತಂಗೀನ್ನ ಕೇಳೇ ಬರೀಲಿಕ್ಕತ್ತೀನಿ. "ಬರಿ, ಆದ್ರ ನನ್ನ ಬಗ್ಗೆ ಅಯ್ಯೋ ಪಾಪ ಅಂತ ಒಂದ ಕಡೆನೂ ಬರೀಬ್ಯಾಡ" ಅಂದಾಳ.

ಸಂಗತಿ ನಿಮಗೆಲ್ಲಾ ಗೊತ್ತದ. ಆಕಿ ಯಜಮಾನ್ರು ಹೋಗಿ ಹದಿನಾಲ್ಕು ತಿಂಗಳಾತು. ಮಗಾ ಸೊಸಿ ಪುಣೇದಾಗ. ಶ್ರಾವಣದಾಗ ಇಕಿ ಬಚ್ಚಲದಾಗ ಕಾಲು ಜಾರಿ ಬಿದ್ಲು. ಎಲುಬೇನೂ ಮುರೀಲಿಲ್ಲ, ಆದ್ರ ಮೊಣಕೈ ಕರ್ರಗಾಗಿ ಹದಿನೈದು ದಿವಸ ಚಪಾತಿ ಲಟ್ಟಸಲಿಕ್ಕೆ ಬರಲಿಲ್ಲ. ಅವಾಗಿಂದ ಮಗಂದು ಒಂದ ಹಟ. ಮನಿ ಮಾರೂಣು, ಅವ್ವಾ ನಮ್ಮ ಕಡೆ ಬರಲಿ. "ದೊಡ್ಡವ್ವ, ನೀ ಒಮ್ಮೆ ಹೋಗಿ ನಾಕ ದಿವಸ ಇದ್ದು ನೋಡು, ನಿನಗ ಏನ ಅನಸ್ತದ ಅದನ್ನ ನನಗ ಖರೇ ಹೇಳು" ಅಂತ ಅಂವಾನ ನನಗ ಕಳಿಸಿದ್ದು. ಹುಡುಗಂದು ಏನೂ ತಪ್ಪಿಲ್ಲ. ರಾತ್ರಿ ಹನ್ನೊಂದಕ್ಕ ತಾಯಿ ಫೋನ್ ಎತ್ತಲಿಲ್ಲ ಅಂದ್ರ ಅಲ್ಲೆ ಕೂತವರ ಎದಿ ಹೆಂಗ ಹೊಡಕೋತದ ಅನ್ನೂದು ಮಕ್ಕಳನ್ನ ದೂರ ಇಟ್ಟ ನಮಗೂ ಗೊತ್ತದ, ತಾಯೀನ್ನ ದೂರ ಇಟ್ಟ ಮಕ್ಕಳಿಗೂ ಗೊತ್ತದ.

ಧಾರವಾಡದಿಂದ ಹಳಿಯಾಳ ಮ್ಯಾಲೆ ಹಾದು ದಾಂಡೇಲಿ. ಐವತ್ತೈದು ಐವತ್ತಾರು ಕಿಲೋಮೀಟರ್ ಇರಬಹುದು. ಹಳಿಯಾಳದ ಕಡೆ ಗದ್ದ್ಯಾಗ ಭತ್ತಾ ಕೊಯ್ಲಿಕ್ಕತ್ತಿದ್ರು. ಅದನ್ನ ದಾಟಿ ಒಂದ್ಹತ್ತು ನಿಮಿಷಕ್ಕ ರಸ್ತೆ ಎರಡೂ ಕಡೆ ಸಾಗವಾನಿ ಶುರು ಆಗ್ತಾವ, ಬಸ್ಸಿನ ಕಿಡಕಿಯೊಳಗಿಂದ ಬರೋ ಗಾಳಿನ ಬ್ಯಾರೆ ಆಗ್ತದ. ನಾ ಶಾಲು ಹೊಚಗೊಂಡೆ.

ತಂಗಿ ದಿನಾ ಮುಂಜಾನೆ ಆರೂವರೆಕ್ಕ ಹೊಳಿ ಕಡೆ ಅಡ್ಡ್ಯಾಡಲಿಕ್ಕೆ ಹೋಗ್ತಾಳ. ಯಜಮಾನ್ರು ರಿಟೈರ್ ಆದ ಮ್ಯಾಲೆ ಇಬ್ಬರೂ ಕೂಡೇ ಹೋಗ್ತಿದ್ರು. ಅವರು ಹೋದ ಮ್ಯಾಲೆ ವರ್ಷಾಂತಕದ ತನಕ ಆಕಿ ಹೊಸ್ತಲಾ ದಾಟಿದ್ದೇ ಕಡಿಮಿ. ವರ್ಷಾಂತಕ ಮುಗದ ಮರುದಿವಸದಿಂದ ಮತ್ತ ಶುರು ಮಾಡ್ಯಾಳ. ಇದರ ಮ್ಯಾಲೇನೂ ಮಾತು ಬಂದದ್ದು ನನಗ ಗೊತ್ತದ. "ಇಷ್ಟ ಲಗೂನ ವಾಕಿಂಗ್ ಹೊಂಟ್ಲೇನು" ಅಂತ ಅಂದವರು ಇದನ್ನ ಓದ್ಲಿಕ್ಕತ್ತಿದ್ರ, ಪೂರ್ತಿ ಓದ್ರಿ.

ಸ್ವೆಟರ್ ಹಾಕ್ಕೊಂಡು, ಕಿವಿಗೆ ಸ್ಕಾರ್ಫ್ ಕಟಗೊಂಡು, ಆಕಿ ಕೈಯಾಗ ಒಂದ ಬೆತ್ತಾ ಹಿಡಕೊಂಡು ನಾವಿಬ್ಬರೂ ಹೊಂಟ್ವಿ. ಹುಣ್ಣಿವಿ ಆಗಿ ಇನ್ನೂ ಭಾಳ ದಿವಸ ಆಗಿರಲಿಲ್ಲ. ಹಿಂಗಾಗಿ ಸೂರ್ಯಾ ಹುಟ್ಟೂ ಹೊತ್ತಿನ್ಯಾಗ ಪಶ್ಚಿಮಕ್ಕ ಚಂದ್ರ ಇನ್ನೂ ಹಂಗ ಇದ್ದ, ಮಾಸಿದ ಬೆಳ್ಳಿ ವಾಟಗದಂಗ. ಮನಿಯಿಂದ ಐದು ನಿಮಿಷಕ್ಕ ಡಾಂಬರ್ ರಸ್ತೆ ಮುಗೀತದ. ಅಲ್ಲಿಂದ ಮಣ್ಣಿನ ಕಾಲ್ದಾರಿ. ಎಡಕ್ಕ ಕಾಡು, ಬಲಕ್ಕ ಬಿದರಿನ ಮೆಳಿ, ಅದರಾಚೆ ಕೆಳಗ ಕಾಳಿ ನದಿ.

ಟೀವ್ಯಾಗ ಪರದೇಶದ ಶರದೃತು ತೋರಸ್ತಾರಲಾ, ಇಡೀ ಕಾಡು ಕೆಂಪು ಹಳದಿ ಆಗಿ, ದಾರಿ ತುಂಬ ಎಲಿ. ನಮ್ಮಲ್ಲೆ ಹಂಗಿಲ್ಲ. ಕಾರ್ತಿಕ ಮುಗೀಲಿಕ್ಕೆ ಬಂದ್ರೂ ನಮ್ಮ ಕಾಡು ಹಸರೇ ಇರ್ತದ. ಆದ್ರ ಮಳಿಗಾಲದ ಹಸರಲ್ಲ ಅದು. ಒಂದ ನಾಕ ಸಲ ಒಗದ ಸೀರಿ ಹಸರು. ಸಾಗವಾನಿ ಮಾತ್ರ ದಣದಂಗ ಕಾಣ್ತಾವ. ಎಲಿ ತುಂಬ ತೂತು ಬಿದ್ದು ಜಾಳಗಿ ಆಗಿರ್ತಾವ, ಅಂಚು ಕಂದು ಆಗಿರ್ತದ. ಗಾಳಿ ಇಲ್ಲದನೂ ಒಂದೊಂದ ಎಲಿ ಬೀಳ್ತದ. ಸಾಗವಾನಿ ಎಲಿ ಅಂದ್ರ ಸಣ್ಣದಲ್ಲ, ಮರದಷ್ಟು ಇರ್ತದ. ಬಿದ್ದಾಗ ಯಾರೋ ಹಿಂದ ನಡಕೋತ ಬಂದ್ರು ಅನ್ನೂ ಹಂಗ ಸಪ್ಪಳಾ. ಮೊದಲನೇ ದಿವಸ ನಾ ಮೂರು ಸಲ ತಿರುಗಿ ನೋಡಿದೆ. ತಂಗಿ ನಕ್ಕೋತ, "ಎಲಿ ಅದು, ನಡಿ" ಅಂದ್ಳು.

ಪೂರ್ತಿ ಎಲಿ ಉದರಿ ಕಾಡು ಬೋಳಾಗೂದು ಇನ್ನೂ ಮುಂದ, ಸಂಕ್ರಾಂತಿ ದಾಟಿದ ಮ್ಯಾಲೆ. ನೀರಿನ ದಂಡ್ಯಾಗಿನ ಗಿಡಾ ಅಂತೂ ಭಾಳ ತಡಾ. ಹೊಳಿಮತ್ತಿ ಅಂತ ಒಂದ ಗಿಡಾ ತೋರಿಸಿದ್ಲು. ಬೊಡ್ಡಿ ಸುಣ್ಣಾ ಬಳದಂಗ ಬೆಳ್ಳಗ, ನುಣ್ಣಗ, ಅದರ ಬೇರು ಸೀದಾ ಹೊಳಿಯೊಳಗ ಇಳದಾವ. ಅದರ ಅಣ್ಣ ತಮ್ಮ ಇನ್ನೊಂದ ಮತ್ತಿ ಒಳಗಿನ ಕಾಡಿನ್ಯಾಗ ಇರ್ತದ. ಅದರ ತೊಗಟಿ ಮೊಸಳಿ ಬೆನ್ನಿನಂಗ ಸೀಳಿರ್ತದ. ಒಂದ ಕುಲದ ಎರಡು ಗಿಡಾ, ಒಂದಕ್ಕ ನೀರಿನ ದಂಡಿನ ಬೇಕು, ಇನ್ನೊಂದಕ್ಕ ಒಣಾ ನೆಲಾ ನಡೀತದ. ಇದನ್ನೆಲ್ಲಾ ಆಕಿ ಯಜಮಾನ್ರು ಆಕಿಗೆ ಹೇಳಿಕೊಟ್ಟದ್ದು. ಆಕಿ ಈಗ ನನಗ ಹೇಳಿದ್ಲು.

ಮೊಸಳಿ ಅಂದ ಕೂಡಲೇ ನೆನಪಾತು. ಕಾಳ್ಯಾಗ ಮೊಸಳಿ ಅವ. ನೀರಿಗೆ ಇಳೀಬ್ಯಾಡ್ರಿ ಅಂತ ಬೋರ್ಡ್ ಹಚ್ಚ್ಯಾರ. ಥಂಡಿ ಬಿದ್ದ ಮ್ಯಾಲೆ ಬಿಸಲ ಕಾಯಸಲಿಕ್ಕೆ ಬಂಡಿ ಮ್ಯಾಲೆ ಬಂದು ಮಲಗ್ತಾವ. ಎರಡನೇ ದಿವಸ ಒಂದನ್ನ ನೋಡಿದೆ. ದೂರಿಂದ ಕಟಗಿ ತುಂಡಿನಂಗ ಕಾಣ್ತು. ತಂಗಿ ದಂಡಿಯಿಂದ ಎಷ್ಟು ದೂರ ನಡೀಬೇಕೋ ಅಷ್ಟ ದೂರ ನಡೀತಾಳ, ಬಟ್ಟಿ ಒಗಿಯೋ ಕಡೆ ಇಳಿಯೂದಿಲ್ಲ. ಇಲ್ಲೆ ಒಬ್ಬಾಕಿನ ಅಡ್ಡ್ಯಾಡ್ತಾಳ ಅಂತ ಗಾಬರಿ ಆಗಬ್ಯಾಡ್ರಿ. ಆ ದಾರ್ಯಾಗ ನಾ ಒಂದ ದಿವಸನೂ ಆಕೀನ್ನ ಒಬ್ಬಾಕಿನ್ನೇ ನೋಡಲಿಲ್ಲ.

ಅದೇ ಮುಖ್ಯ ಮಾತು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮನಿಯಿಂದ ಹೊಂಟ ಕೂಡಲೇ ಬಾಜೂ ಮನಿ ಕೊಂಕಣಿ ಬಾಯಿ ಬಾಗಲಾ ತಗದು ನಿಂತಿರ್ತಾಳ. ಅರ್ಧಾ ದಾರಿ ತನಕ ಆಕೀದು ಜೋಡಿ. ರಸ್ತೆ ಮುಗಿಯೋ ಕಡೆ ಚಹಾದ ಗೂಡಂಗಡಿಯಂವ "ಇವತ್ತ ಹತ್ತ ನಿಮಿಷ ತಡಾ ಆತಲ್ರಿ ಅಕ್ಕಾರ" ಅಂತ ಕೇಳ್ತಾನ. ಕಟಗಿ ಆರಿಸಲಿಕ್ಕೆ ಬರೋ ಹೆಣ್ಣಮಕ್ಕಳು ನಿಂತು ಮೊಮ್ಮಗನ ಸುದ್ದಿ ಕೇಳ್ತಾರ. ಮೂರನೇ ದಿವಸ ನನಗ ಮೊಣಕಾಲ ನೋವು ಅಂತ ನಾವು ಹೋಗಲಿಲ್ಲ. ಒಂಬತ್ತು ಹೊಡಿಯೋದ್ರಾಗ ಇಬ್ಬರು ಬಂದು ಬಾಗಲಾ ಬಡದು ವಿಚಾರಿಸಿ ಹೋದ್ರು. ನಮ್ಮ ಧಾರವಾಡದ ಕಾಲನ್ಯಾಗ ನಾ ಒಂದ ದಿವಸ ಹೊರಗ ಬರದಿದ್ರ ಯಾರು ಬಂದು ಬಾಗಲಾ ಬಡೀತಾರ ಅಂತ ಎಣಿಸಿ ನೋಡಿದೆ. ನೀವೂ ನಿಮ್ಮ ನಿಮ್ಮ ಮನಿಗೆ ಎಣಿಸಿ ನೋಡ್ರಿ.

ಶ್ರಾವಣದಾಗ ಬಿದ್ದಾಗಲೂ ಹಂಗ ಆತು. ಮನಿ ಎರಡನೇ ಕೀಲಿ ಕೊಂಕಣಿ ಬಾಯಿ ಕಡೆ ಇರ್ತದ. ಹಾಲಿನ ಪಾಕೀಟ ಹೊರಗ ಬಿದ್ದಿದ್ದು ನೋಡಿ ಆಕಿ ಕೀಲಿ ತಗದು ಒಳಗ ಬಂದಾಳ. ಅರ್ಧಾ ತಾಸಿನ್ಯಾಗ ಡಾಕ್ಟರ್ ಕಡೆ ಒಯ್ದಾರ. ಮಗಗ ಫೋನ್ ಹೋಗೂದ್ರಾಗ ಪಟ್ಟಿ ಕಟ್ಟಿ ಆಗಿತ್ತು.

ಈ ಬಾಯಿ ಬಗ್ಗೆ ಹೇಳಲೇಬೇಕು. ಆಕಿ ತೌರಮನಿ ಸೂಪಾ. ಕಾಳಿಗೆ ಡ್ಯಾಂ ಕಟ್ಟಿದಾಗ ಆ ಹಳೇ ಸೂಪಾ ಊರು ನೀರಾಗ ಮುಳಗ್ತು. ಅಲ್ಲಿದ್ದ ಭಾಳ ಮಂದಿಗೆ ರಾಮನಗರದಾಗ ಜಾಗಾ ಕೊಟ್ರು. ಆಕಿ ಅವಾಗ ಇನ್ನೂ ಹುಡಿಗಿ. ಹಿತ್ತಲದಾಗಿನ ಹಲಸಿನ ಗಿಡಾ ಬಿಟ್ಟು ಬರೂ ಮುಂದ ಅವರವ್ವ ಆ ಗಿಡಕ್ಕ ಕುಂಕುಮ ಹಚ್ಚಿ ಬಂದಿದ್ಲಂತ. ನಾ ಆಕೀನ್ನೂ ಕೇಳಿದೆ, "ನಿಮ್ಮ ಗೆಳತಿ ಪುಣೇಕ್ಕ ಹೋಗೂದು ಛಲೋ ಅಲ್ಲೇನ್ರಿ?" ಅಂತ. ಆಕಿ ಕನ್ನಡ, ಕೊಂಕಣಿ, ಹಿಂದಿ ಮೂರೂ ಕಲಿಸಿ ಹೇಳಿದ್ಲು. "ನಮ್ಮ ಊರು ನೀರಾಗ ಹೋತು, ನಾವು ಬಿಟ್ವಿ. ಇಕೀ ಊರು ಎಲ್ಲೆ ಹೋಗ್ಯಾದ? ಇಲ್ಲೇ ಅದಲಾ." ಅಷ್ಟ ಹೇಳಿ ಸೊಪ್ಪು ಆರಸ್ಕೋತ ಕೂತ್ಲು.

ಆ ಡ್ಯಾಂ ದಾಂಡೇಲಿಗಿಂತ ಮ್ಯಾಲೆ, ಗಣೇಶಗುಡಿ ಹತ್ರ ಅದ. ಕರೆಂಟ್ ಸಲುವಾಗಿ ಅಲ್ಲಿಂದ ನೀರು ಬಿಟ್ಟಂಗ ಬಿಟ್ಟಂಗ ಕೆಳಗಿನ ಹೊಳಿ ಏರತದ, ಇಳೀತದ. ಮುಂಜಾನೆ ಕಂಡಿದ್ದ ಬಂಡಿಗಲ್ಲು ಮಧ್ಯಾಹ್ನಕ್ಕ ಇರೂದಿಲ್ಲ, ಮತ್ತ ಮರುದಿವಸ ಮುಂಜಾನೆ ಅಲ್ಲೇ ಕೂತಿರ್ತದ. ಜೋಯಿಡಾ ತಾಲೂಕಿನ ಡಿಗ್ಗಿ ಕಡೆ ಹುಟ್ಟಿ, ಕಾರವಾರದ ಹತ್ರ ಸಮುದ್ರಾ ಸೇರೂ ತನಕ 184 ಕಿಲೋಮೀಟರ್ ಈ ನದಿ. ಎಲ್ಲಾನೂ ನಮ್ಮ ಉತ್ತರ ಕನ್ನಡ ಜಿಲ್ಲೆಯೊಳಗ. ಹುಟ್ಟಿದ ಜಿಲ್ಲೆ ಬಿಟ್ಟು ಹೊರಗ ಹೋಗದ ನದಿ ಅಂತ ಆಕಿ ಯಜಮಾನ್ರು ಚಾಷ್ಟಿ ಮಾಡ್ತಿದ್ರಂತ, "ನಿನ್ನಂಗ ಅದ ನೋಡು" ಅಂತ.

ನಾಕನೇ ದಿವಸ ಮಂಗಟ್ಟಿ ಹಕ್ಕಿ ನೋಡಿದ್ವಿ. ದಾಂಡೇಲ್ಯಾಗ ನಾಕು ಜಾತಿ ಮಂಗಟ್ಟಿ ಅವ. ಸರಕಾರಿ ಟಿಂಬರ್ ಡಿಪೋದಾಗ ಅವನ್ನ ನೋಡ್ಲಿಕ್ಕೆ ದೂರ ದೂರಿಂದ ಮಂದಿ ಕ್ಯಾಮರಾ ತಗೊಂಡು ಬರ್ತಾರ. ಮೊದಲ ಸಪ್ಪಳಾ ಬಂತು, ಹಳೇ ಉಗಿಬಂಡಿ ಹೊಂಟಂಗ ಫುಸ್ ಫುಸ್ ಫುಸ್ ಅಂತ. ಮ್ಯಾಲೆ ನೋಡಿದ್ರ ಒಂದ ದೊಡ್ಡ ಹಕ್ಕಿ, ಹಳದಿ ಕೊಕ್ಕಿನ ಮ್ಯಾಲೆ ಇನ್ನೊಂದ ಟೊಪಗಿ ಇಟ್ಟಂಗ, ಹೊಳಿ ದಾಟಿ ಅತ್ತಿಗಿಡಕ್ಕ ಹೋತು. ಕಪ್ಪು ಬಿಳಿ ಬಣ್ಣದ್ದು ಇನ್ನೊಂದ ಜಾತಿ ಅದ. ಅದು ಕಾಸರಕದ ಹಣ್ಣೂ ತಿಂತದ. ಕಾಸರಕದ ಬೀಜ ನಮಗ ವಿಷಾ. ಆ ಹಕ್ಕಿ ತಿರುಳು ಅಷ್ಟ ಅರಗಿಸಿಕೊಂಡು ಬೀಜಾ ಇಡಿಯಾಗಿ ಹೊರಗ ಹಾಕ್ತದ.

ಈ ಹಕ್ಕಿ ಬಾಣಂತನ ಕೇಳಿದ್ರ ನಿಮಗೂ ಆಶ್ಚರ್ಯ ಆಗ್ತದ. ಬ್ಯಾಸಗಿ ಹತ್ರ ಬಂದಾಗ ಹೆಣ್ಣು ದೊಡ್ಡ ಗಿಡದ ಪೊಟರಿಯೊಳಗ ಹೋಗಿ ಕೂಡ್ತದ. ತಂದೇ ಹಿಕ್ಕಿ, ಮಣ್ಣು ಎಲ್ಲಾ ಮೆತ್ತಿ ಒಳಗಿಂದ ಬಾಯಿ ಮುಚ್ಚಿಕೋತದ. ಕೊಕ್ಕು ತೂರೂ ಅಷ್ಟ ಸಂದಿ ಬಿಡ್ತದ. ತಿಂಗಳಗಟ್ಲೆ ಗಂಡ ಹಕ್ಕಿ ಹಣ್ಣು ತಂದು ಆ ಸಂದ್ಯಾಗಿಂದ ತಿನಸ್ತದ. ನಾ ಸುಮ್ಮ ಕೇಳಿದೆ, "ಗಂಡ ಹಕ್ಕಿಗೆ ಏನರೆ ಆದ್ರ ಒಳಗಿನಾಕಿ ಗತಿ ಏನು?" ಕೇಳಿದ ಮ್ಯಾಲೆ ಇಬ್ಬರೂ ಸುಮ್ಮನಾದ್ವಿ. ಆಮ್ಯಾಲೆ ತಂಗೀನ ಅಂದ್ಳು, "ಆ ಗ್ವಾಡಿ ಆಕೀನ ಕಟ್ಟಿದ್ದು ಅಕ್ಕಾ. ಒಡೀಲಿಕ್ಕೂ ಆಕಿಗೆ ಬರ್ತದ."

ದಾರಿ ಒಂದ ಕಡೆ ಹೊಳಿ ಜೋಡಿ ಹೊರಳತದ. ಅಲ್ಲೆ ಒಂದ ಗಿಡಾ ಯಾವ ಮಳ್ಯಾಗೋ ಬಿದ್ದದ್ದು ಹಂಗ ಅದ. ಕೂಡ್ಲಿಕ್ಕೆ ಛಲೋ ಎತ್ತರ. ಇಬ್ಬರೂ ದಿನಾ ಅಲ್ಲೆ ಕೂತು, ಥರ್ಮಾಸಿನ್ಯಾಗಿನ ಚಹಾ ಕುಡದು ವಾಪಸ್ ಬರ್ತಿದ್ರಂತ. ಐದನೇ ದಿವಸ ಆಕಿ ನನ್ನ ಅಲ್ಲಿ ತನಕ ಕರಕೊಂಡು ಹೋದ್ಲು. ಒಂದ ಕಡೆ ಕೂತು ಬಾಜೂ ಜಾಗಾ ಬಿಟ್ಲು. ನಾ ಆ ಜಾಗಾದಾಗ ಕೂಡಲಿಲ್ಲ, ಆಕಿ ಇನ್ನೊಂದ ಮಗ್ಗಲಕ್ಕ ಕೂತೆ. ಹೊಳಿ ಮ್ಯಾಲಿನ ಮಂಜು ಇನ್ನೂ ಕರಗಿರಲಿಲ್ಲ. ಮಂಜಿನ ಕೆಳಗ ನೀರು ಹರಿಯೋ ಸಪ್ಪಳಾ ಅಷ್ಟ ಬರ್ತಿತ್ತು.

ಆಗ ನಾ ಮಗ ಕೇಳಿ ಕಳಿಸಿದ ಮಾತು ತಗದೆ. ಪುಣೇದಾಗ ಹನ್ನೊಂದನೇ ಮಾಳಗಿ ಮ್ಯಾಲೆ ಅದ ಮನಿ, ಲಿಫ್ಟ್ ಅದ, ಮೊಮ್ಮಗಾ ಅದಾನ, ಸೊಸಿ ಒಳ್ಳೆಯಾಕಿ. ನಿನಗ ಯಾಕ ಬ್ಯಾಡ? ಆಕಿ ಭಾಳ ಹೊತ್ತು ಸುಮ್ಮನಿದ್ಲು. ಆಮ್ಯಾಲೆ ಹೇಳಿದ್ದು ಇಷ್ಟ.

"ಅಲ್ಲೆ ಹೋದ್ರ ನಾ ಅವರನ್ನ ನೆನಪ ಮಾಡಕೋಬೇಕಾಗ್ತದ ಅಕ್ಕಾ. ಇಲ್ಲೆ ನೆನಪ ಮಾಡಕೊಳ್ಳೂ ಕೆಲಸಾನ ಇಲ್ಲ. ಚಹಾದಂವ ಅವರ ಹೆಸರ ತಗೀತಾನ, ಈ ಗಿಡಾ ತಗೀತದ. ನಾ ಸುಮ್ಮ ನನ್ನ ಕೆಲಸಾ ಮಾಡಕೋತ ಇರಬಹುದು."

ಆಮ್ಯಾಲೆ ತಾನ ಅಂದ್ಳು, "ರಾತ್ರಿ ಮಾತ್ರ ಉದ್ದ ಆಗ್ತದ. ಅದು ಸುಳ್ಳ ಹೇಳೂದಿಲ್ಲ." ಎರಡಕ್ಕ ಎಚ್ಚರ ಆದ್ರ ಮತ್ತ ನಿದ್ದಿ ಬರೂದಿಲ್ಲಂತ. ಎದ್ದು ಹತ್ತಿ ಹೊಸದು ಬತ್ತಿ ಮಾಡ್ತಾಳಂತ. ಕಾರ್ತಿಕಕ್ಕ ಬೇಕಾದ ಬತ್ತಿ ಎಲ್ಲಾ ಆಗಿ, ಮುಂದಿನ ವರ್ಷದ್ದೂ ಒಂದ ಡಬ್ಬಿ ಆಗ್ಯಾವ. ನನಗೂ ಒಂದ ಕಟ್ಟು ಕೊಟ್ಟು ಕಳಿಸ್ಯಾಳ. ನಾ ಅವನ್ನ ತುಳಸಿ ಮುಂದ ಹಚ್ಚಲಿಕ್ಕತ್ತೀನಿ.

ಈಗ ಇನ್ನೊಂದ ಸಂಗತಿ. ಆಕಿ ಪ್ರತಿ ವರ್ಷ ಗೌರಿ ಹುಣ್ಣಿವಿಗೆ ಸಕ್ಕರಿ ಗೊಂಬಿ ಎರಕಾ ಹೊಯ್ತಿದ್ಲು. ಓಣ್ಯಾಗಿನ ಸಣ್ಣ ಹುಡಿಗೇರು ಆರತಿ ತಗೊಂಡು ಹೋಗ್ಲಿಕ್ಕೆ ಇಕೀ ಕಡೆನ ಗೊಂಬಿ ಒಯ್ತಿದ್ರು. ಈ ಸಲ ಅಚ್ಚು ಅಟ್ಟಕ್ಕ ಹಾಕಿ ಸುಮ್ಮ ಕೂತಿದ್ಲಂತ, ಯಾರು ಏನ ಅಂತಾರೋ ಅಂತ. ಹುಣ್ಣಿವಿ ಎರಡು ದಿವಸ ಮೊದಲ ಮೂರು ಹುಡಿಗೇರು ತಾಟು ಹಿಡಕೊಂಡು ಬಾಗಲಕ್ಕ ಬಂದು ನಿಂತಾರ. "ಅಜ್ಜಿ, ಆನಿ ಬೇಕು, ತೇರು ಬೇಕು" ಅಂತ. ಆಕಿ ಅಚ್ಚು ಇಳಿಸಿ, ತೊಳದು, ರಾತ್ರಿ ಹನ್ನೊಂದರ ತನಕ ಪಾಕಾ ಹೊಯ್ದಾಳ. ಆ ಹುಡಿಗೇರ ತಾಯಂದ್ರೇ ಕಳಿಸಿದ್ದು ಅಂತ ಆಮ್ಯಾಲೆ ಗೊತ್ತಾತು. ನಮ್ಮ ಕಡೆ ನಾವು ಬ್ಯಾರೆ ರೀತಿ ಇರ್ತೀವಲಾ. ಕುಪ್ಪಸ ಹಂಚೂ ಮುಂದ ಪಂಕ್ತ್ಯಾಗ ಒಬ್ಬಾಕೀನ್ನ ಬಿಟ್ಟು ಮುಂದ ಹೋಗ್ತೀವಿ, ಆಕಿ ಕೈ ಹಿಂದ ತಗೋತಾಳ. ಇದು ಇನ್ನ ನಿಲ್ಲಬೇಕ್ರಿ. ನಮ್ಮ ಮನ್ಯಾಗ ಅಂತೂ ನಿಂತದ. ಬರೂ ಶುಕ್ರವಾರ ಬಂದವರು ನೋಡ್ತೀರಿ.

ಮಗಗ ನಾ ಫೋನ್ ಮಾಡಿ ಹೇಳಿದ್ದು ಇದು. ಮನಿ ಮಾರಬ್ಯಾಡ. ಅವ್ವ ಸದ್ಯಕ್ಕ ಅಲ್ಲೇ ಇರ್ಲಿ. ಬಚ್ಚಲದಾಗ ಹಿಡಿಕಿ ಕೂಡಸು, ಜಾರೂ ಫರಸಿ ತಗಸಿ ಖರಬರೀತ ಇರೂದು ಹಾಕಸು. ಹಾಸಗಿ ಹತ್ರ ಒಂದ ರಾತ್ರಿ ದೀಪಾ. ಬಿ.ಪಿ. ಗುಳಿಗಿ ಡಬ್ಬಿ ವಾರದ್ದು ತುಂಬಿ ಇಡ್ತಾಳ, ಅದು ನಾ ಕಣ್ಣಾರೆ ನೋಡೀನಿ. ಮುಂಜಾನೆ ಎಂಟಕ್ಕ ಅಡ್ಡ್ಯಾಡಿ ಬಂದ ಮ್ಯಾಲೆ ನಿನಗ ಒಂದ ಮೆಸೇಜ್ ಹಾಕ್ತಾಳ. ಹಾಕದಿದ್ರ ಬಾಜೂ ಬಾಯಿಗೆ ಫೋನ್ ಹಚ್ಚು. ಏಪ್ರಿಲ್ ಮೇ ಎರಡು ತಿಂಗಳು ನಿನ್ನ ಕಡೆ ಬರ್ತಾಳ, ಅದಕ್ಕ ಒಪ್ಪ್ಯಾಳ. ವರ್ಷಾ ವರ್ಷಾ ಮತ್ತ ಕೂತು ವಿಚಾರ ಮಾಡೂಣು. ಮೊಣಕಾಲು ಸೋತು ಆ ದಾರಿ ನಡೀಲಿಕ್ಕೆ ಆಗದಂಗಾದ ದಿವಸ ಬ್ಯಾರೆ ಮಾತು. ಅದನ್ನ ಆಕೀನ ಹೇಳ್ತಾಳ, ನಾವು ಹೇಳೂದು ಬ್ಯಾಡ.

ಹುಡುಗ ಒಂದ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಆತು ದೊಡ್ಡವ್ವ, ಹಿಡಿಕಿ ಮುಂದಿನ ವಾರ ಬಂದು ನಾನ ಕೂಡಸ್ತೀನಿ" ಅಂದ.

ನಿಮಗೆಲ್ಲಾರಿಗೂ ನಂದು ಒಂದ ವಿನಂತಿ. ಆಕಿಗೆ ಫೋನ್ ಮಾಡ್ರಿ, ಬಿಡಬ್ಯಾಡ್ರಿ. ಆದ್ರ "ಒಬ್ಬಾಕಿ ಹೆಂಗ ಇರ್ತೀಯವ್ವಾ" ಅಂತ ಶುರು ಮಾಡಬ್ಯಾಡ್ರಿ. ದಿನಾ ನಾಕು ಮಂದಿ ಅದನ್ನೇ ಕೇಳಿದ್ರ ಹೆಂಗಿರ್ತೀನಿ ಅನ್ನೂದು ಆಕಿಗೂ ಮರೀತದ. ಇವತ್ತ ಹೊಳ್ಯಾಗ ನೀರು ಎಷ್ಟಿತ್ತು, ಮಂಗಟ್ಟಿ ಬಂದಿತ್ತೇನು ಅಂತ ಕೇಳ್ರಿ. ರಾತ್ರಿ ಹತ್ತರ ಮ್ಯಾಲೆ ಮಾಡಿದ್ರ ಇನ್ನೂ ಛಲೋ, ಆ ಹೊತ್ತಿಗೆ ಆಕಿಗೆ ಮಾತು ಬೇಕು.

ಸಾಧ್ಯ ಆದ್ರ ಒಬ್ಬೊಬ್ಬರು ಹೋಗಿ ಎರಡು ದಿವಸ ಇದ್ದು ಬರ್ರಿ. ಡಿಸೆಂಬರ್ ತನಕ ಹವಾ ಭಾಳ ಛಲೋ ಇರ್ತದ. ಸ್ವೆಟರ್, ಕಾಲಚೀಲ, ಬೂಟು ತಗೊಂಡು ಹೋಗ್ರಿ, ಚಪ್ಪಲಿ ಆ ದಾರಿಗೆ ನಡಿಯೂದಿಲ್ಲ. ಸಂಜೀಕೆ ದಾಂಡೇಲಪ್ಪನ ಗುಡಿಗೆ ಹೋಗ್ರಿ, ಊರಿಗೆ ಹೆಸರು ಬಂದದ್ದು ಅವನಿಂದ ಅಂತ ಅಲ್ಲಿ ಮಂದಿ ಹೇಳ್ತಾರ. ಒಯ್ಯೂದಿದ್ರ ಧಾರವಾಡ ಪೇಢೆ ಒಯ್ಯಬ್ಯಾಡ್ರಿ, ಮನಿ ತುಂಬ ಅದ. ಕೆಂಪು ಖಾರದ ಚಟ್ನಿ, ಶೇಂಗಾ ಹಿಂಡಿ ಒಯ್ರಿ. ಬರೂ ಮುಂದ ಅಲ್ಲಿ ನೆಲ್ಲಿಕಾಯಿ ತೊಕ್ಕು ಕೊಡ್ತಾಳ. ಮೂರು ದಿವಸ ಉಪ್ಪು ಅರಿಷಿಣದಾಗ ಹಾಕಿಟ್ಟು, ಮೆಂತೆ ಇಂಗು ಹಾಕಿ ಕುಟ್ಟಿದ್ದು. ನಂದು ಬಾಟ್ಲಿ ಆಗಲೇ ಅರ್ಧಾ ಖಾಲಿ ಆಗೇದ.